ಮೆತ್ತಿನ ಮೇಲಿನ ಡ್ರಮ್ ಕಿಟ್: ನಲವತ್ತು ಸಾವಿರದ ಉಡುಗೊರೆಯ ಒಂದು ಪ್ರಕರಣ

ಶಿರಸಿ ಪೇಟೆಯಿಂದ ಒಳಗೆ, ಅಡಕೆ ತೋಟದ ದಂಡೆಯ ಮೇಲಿನ ಹಳೆಯ ಮನೆ. ಏಳನೇ ತರಗತಿಯ ಪರೀಕ್ಷೆ ಮುಗಿಸಿದ 13 ವರ್ಷದ ಹುಡುಗಿ. ಒಂದೂವರೆ ವರ್ಷದಿಂದ ಅಡುಗೆಮನೆಯ ಡಬ್ಬಿ, ಮಡಿಸಿಟ್ಟ ಕಂಬಳಿ, ಸ್ಟೀಲ್ ಬೋಗುಣಿ ಇಟ್ಟುಕೊಂಡು ಮೊಬೈಲ್ ವಿಡಿಯೊ ನೋಡುತ್ತ ಡ್ರಮ್ಸ್ ಬಾರಿಸುತ್ತಾಳೆ. ಕಾರವಾರದಲ್ಲಿ ನೌಕರಿಯಲ್ಲಿರುವ ಸೋದರಮಾವ ಬೇಸಿಗೆ ರಜೆಗೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಕೊಡಬೇಕೆಂದು ಹೊರಟ. ಎಲ್ಲ ಸೇರಿ 40,000 ರೂಪಾಯಿ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಕೂಸಿಗೆ ಮೊದಲೇ ಗೊತ್ತಾಗಬಾರದು. ಮನೆಯ ಒಳಕೋಣೆಗಳಲ್ಲಿ ಜಾಗವಿಲ್ಲ, ಜಗಲಿಯಲ್ಲಿ ಬಂದುಹೋಗುವವರು, ಆದ್ದರಿಂದ ಕಿಟ್ ಇಡುವುದು ಮೆತ್ತಿನ ಮೇಲೆ, ಅಂದರೆ ಮೇಲಂತಸ್ತಿನಲ್ಲಿ. ಮರದ ತೊಲೆಗಳ ಮೇಲೆ ಹಲಗೆ ಹೊದೆಸಿದ ಮೆತ್ತು ಅದು. ಅದರ ಸರೀ ಕೆಳಗೆ ಅಜ್ಜ ಮಲಗುವ ಕೋಣೆ.

ಈ ಕೊನೆಯ ಎರಡು ಮಾತನ್ನು ಯಾವ ಅಂಗಡಿಯವರೂ ಕೇಳಲಿಲ್ಲ, ಮಾವನೂ ಮೊದಲು ಹೇಳಲಿಲ್ಲ. ಪ್ರಕರಣದ ಅರ್ಧ ಖರ್ಚು-ತಲೆನೋವು ಹುಟ್ಟಿದ್ದು ಅಲ್ಲಿಂದ.

ಮೊದಲ ಸುತ್ತಿನಲ್ಲಿ ಬಿಟ್ಟವು

ಎರಡು-ಮೂರು ಸಾವಿರಕ್ಕೆ ಸಿಗುವ, ಚಾಪೆಯಂತೆ ಸುತ್ತಿಡುವ ಸಿಲಿಕಾನ್ ಡ್ರಮ್ ಆಟಿಕೆ. ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಒಂದೇ ಸದ್ದು ಬಂದರೆ ಕೈ ಕಲಿಯುವುದಿಲ್ಲ. ಒಂದೂವರೆ ವರ್ಷ ಡಬ್ಬಿ ಬಾರಿಸಿದವಳಿಗೆ ಅದು ಹಿಂದಕ್ಕೆ ಹೋದಂತೆ.

ಮೇಜಿನ ಮೇಲಿಡುವ ಪ್ಯಾಡ್ ಯಂತ್ರದ್ದು ಬೇರೆ ಮಾತು. ಯಮಾಹಾದ ಡಿಡಿ-75 ಇದಕ್ಕೆ ಒಳ್ಳೆಯ ಉದಾಹರಣೆ: ಕೋಲಿನಿಂದ ಬಾರಿಸುವ 8 ಪ್ಯಾಡ್, ಎರಡು ಸಣ್ಣ ಪೆಡಲ್, ಒಳಗೇ ಸ್ಪೀಕರ್, ಬ್ಯಾಟರಿಯಲ್ಲೂ ನಡೆಯುತ್ತದೆ. ಜಾಗವೇ ಇಲ್ಲದ ಮನೆಗೆ, ಪ್ರಯಾಣಕ್ಕೆ ಸರಿ. ಆದರೆ ಸ್ನೇರ್ (ಎದುರಿಗಿರುವ ಮುಖ್ಯ ಡ್ರಮ್) ಎಲ್ಲಿ, ಹೈಹ್ಯಾಟ್ (ಪೆಡಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆ) ಎಲ್ಲಿ, ತಟ್ಟೆಯಂಥ ರೈಡ್ ಸಿಂಬಲ್‌ಗೆ ಕೈ ಎಷ್ಟು ಚಾಚಬೇಕು ಎಂಬುದೆಲ್ಲ ಅದರಲ್ಲಿ ಒಂದು ಗೇಣಿನೊಳಗೆ ಮುಗಿದುಹೋಗುತ್ತದೆ. ಮುಂದೆ ನಿಜವಾದ ಡ್ರಮ್ಸ್ ಎದುರು ಕೂತಾಗ ಮೈ ಮತ್ತೆ ಮೊದಲಿಂದ ಕಲಿಯಬೇಕು.

ಊರಿನ ಭಜನೆ ಮೇಳದವರು ಕೊಟ್ಟ ಸಲಹೆ ಆಕ್ಟೊಪ್ಯಾಡ್. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ‘ರಿದಮ್ ಪ್ಯಾಡ್’ ಎಂದರೆ ಅದೇ. ರೋಲ್ಯಾಂಡ್ 1985ರಲ್ಲಿ ತಂದ ಯಂತ್ರದ ಹೆಸರು ನಮ್ಮಲ್ಲಿ ಆ ಜಾತಿಗೇ ಅಂಟಿಕೊಂಡಿದೆ. ನಿಂತು, ಕೋಲಿನಿಂದ, ತಬಲಾ-ಢೋಲಕ್-ಡ್ರಮ್ಸ್ ಎಲ್ಲ ಒಬ್ಬನೇ ಕೊಡಬೇಕಾದ ವೇದಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಲಿನ ಕೆಲಸ ಕಲಿಯಬೇಕಾದ ಹುಡುಗಿಗೆ ಅದು ಅರ್ಧ ವಾದ್ಯ. ಬೆಲೆಯೂ ಕೈಗೆಟುಕುವಂಥದ್ದಲ್ಲ.

ಕಾರವಾರದಲ್ಲೇ ಒಂದು ಹಳೆಯ ಕಿಟ್ 24,000ಕ್ಕೆ ಸಿಗುತ್ತಿತ್ತು. ನೋಡಲು ಚೆಂದ. ಪ್ಯಾಡಿನ ಪೆಟ್ಟನ್ನು ಸದ್ದಾಗಿಸುವ ಪೆಟ್ಟಿಗೆ, ಅಂದರೆ ಮಾಡ್ಯೂಲ್, ಅದರ ಹಿಂಬದಿಯ ಜ್ಯಾಕ್‌ಗಳಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಹಸಿರು ಕಿಲುಬು. ಸಮುದ್ರದ ಉಪ್ಪುಗಾಳಿ ತಿಂದ ಜ್ಯಾಕ್ ಅದು: ಹೊಡೆದಾಗ ಸದ್ದು ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ; ಕೇಬಲ್ ಅಲುಗಿಸಿದರೆ ತಾನೇ ‘ಢಮ್’ ಎನ್ನುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಕೆಲವು ತಿಂಗಳು ಸರಿಹೋದೀತು, ಕಿಲುಬು ಬೋರ್ಡಿನವರೆಗೆ ಇಳಿದಿದ್ದರೆ ಅದೂ ಇಲ್ಲ. ಕರಾವಳಿಯಲ್ಲಿ ಹಳೆಯ ಕಿಟ್ ನೋಡುವವರು ಮೊದಲು ಜ್ಯಾಕ್ ನೋಡಬೇಕು. ಆಮೇಲೆ ಪ್ರತಿ ಪ್ಯಾಡನ್ನೂ ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಮೆಲ್ಲಗೆ ತಟ್ಟುತ್ತ ಹೋಗಬೇಕು; ಎಲ್ಲಿ ಸದ್ದು ಸಾಯುತ್ತದೋ ಅಲ್ಲಿ ಸೆನ್ಸರ್ ಅಂಟು ಬಿಟ್ಟಿದೆ ಎಂದರ್ಥ. ಈ ಕಿಟ್‌ನಲ್ಲಿ ಎರಡು ಟಾಮ್ (ಸ್ನೇರ್ ಸುತ್ತಲಿನ ಡ್ರಮ್) ಹಾಗಿದ್ದವು. ಬಿಟ್ಟರು.

ಹೊಸದರಲ್ಲಿ ನೋಡಿದ್ದೇನು

ಹುಬ್ಬಳ್ಳಿಯ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ವಿಚಾರಿಸಿದ ಮೇಲೆ ಮೂರು ಉಳಿದವು. ಮೊದಲನೆಯದು ಎಲ್ಲ ಪ್ಯಾಡಿಗೂ ಜಾಳಿಗೆ (ಚರ್ಮದ ಬದಲು ಬಲೆಯಂಥ ಹೊದಿಕೆ), ನೆಲದ ಮೇಲೆ ನಿಲ್ಲುವ ಕಿಕ್ (ಕಾಲಿನಿಂದ ಬಾರಿಸುವ ಡ್ರಮ್) ಗೋಪುರ, ಬೀಟರ್ (ಬಡಿಯುವ ಗುಂಡು) ಇರುವ ಪೆಡಲ್: 38,500. ಎರಡನೆಯದು ಹೆಸರಾಂತ ಕಂಪನಿಯ ರಬ್ಬರ್ ಪ್ಯಾಡಿನ ಕಿಟ್: 45,000, ಅಂದರೆ ಮಿತಿಯ ಹೊರಗೆ. ಮೂರನೆಯದು ಸಣ್ಣ ಜಾಳಿಗೆ ಕಿಟ್, ಬೀಟರ್ ಇಲ್ಲದ ಕಿಕ್ ಪೆಡಲ್: 29,500.

ಮಾವನಿಗೆ ಮನಸ್ಸಿದ್ದದ್ದು ಮೊದಲನೆಯದರ ಮೇಲೆ. ಡಬ್ಬದ ಮೇಲೆ ನೂರಾರು ಸದ್ದು, ಹತ್ತಾರು ಕಿಟ್ (ಸದ್ದಿನ ಜೋಡಣೆ), ಬ್ಲೂಟೂತ್ ಎಂದೆಲ್ಲ ಬರೆದಿತ್ತು. ಈ ಸಂಖ್ಯೆಗಳು ಅಷ್ಟಾಗಿ ಏನನ್ನೂ ಹೇಳುವುದಿಲ್ಲ. ಯಮಾಹಾದ ಡಿಟಿಎಕ್ಸ್402 ಮಾಡ್ಯೂಲ್‌ನಲ್ಲಿ ಇರುವುದೇ 10 ಕಿಟ್, ಅಲೆಸಿಸ್ ನೈಟ್ರೋ ಮ್ಯಾಕ್ಸ್‌ನಲ್ಲಿ 32. ಕಲಿಯುವವರು ದಿನವೂ ಬಾರಿಸುವುದು ಅದರಲ್ಲಿ ಎರಡೋ ಮೂರೋ. ನೋಡಬೇಕಾದ್ದು ಬೇರೆ.

ಒಂದು, ಸ್ನೇರ್ ಪ್ಯಾಡಿಗೆ ಎರಡು ವಲಯ ಇದೆಯೇ, ಅಂದರೆ ನಡುವಿಗೆ ಒಂದು ಸದ್ದು, ಅಂಚಿಗೆ ಇನ್ನೊಂದು. ಹಣ ಕಡಿಮೆಯಿದ್ದಾಗ ಟಾಮ್‌ಗಳಿಗೆ ಈ ಸೌಲಭ್ಯ ಬೇಡ, ಸ್ನೇರ್‌ಗೆ ಬೇಕೇ ಬೇಕು. ಎರಡು, ಕ್ರ್ಯಾಶ್ ಸಿಂಬಲನ್ನು ಹೊಡೆದು ಕೈಯಿಂದ ಹಿಡಿದರೆ ಸದ್ದು ನಿಲ್ಲುತ್ತದೆಯೇ. ಮೂರು, ಹೈಹ್ಯಾಟ್ ಪೆಡಲ್ ಬರೀ ತೆರೆ-ಮುಚ್ಚು ಸ್ವಿಚ್ಚೋ, ಅರ್ಧ ತೆರೆದ ಸ್ಥಿತಿಯನ್ನೂ ಅರಿಯುತ್ತದೋ. ಅಗ್ಗದ ಕಿಟ್‌ಗಳು ಹೆಚ್ಚಾಗಿ ಸೋಲುವುದು ಇಲ್ಲಿ. ನಾಲ್ಕು, ಪ್ಯಾಡಿನ ಜ್ಯಾಕ್ ಸಾಮಾನ್ಯವಾದ 6.35 ಮಿ.ಮೀ. ಅಳತೆಯದೇ. ಹೌದಾದರೆ ನಾಳೆ ಒಂದು ಟಾಮ್ ಹೋದಾಗ ಬೇರೆ ಕಂಪನಿಯದನ್ನೂ ಹಾಕಬಹುದು. ಹೈಹ್ಯಾಟ್ ಪೆಡಲ್ ಮತ್ತು ಮೂರು ವಲಯದ ಸಿಂಬಲ್ ಮಾತ್ರ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವ ಭರವಸೆಯಿಲ್ಲ.

ಜಾಳಿಗೆಯೋ ರಬ್ಬರೋ? ರಬ್ಬರ್ ಪ್ಯಾಡ್ ತಾಳಿಕೆಯದು, ಬಿಗಿ ಮಾಡುವ ಗೋಜಿಲ್ಲ. ಆದರೆ ಹೆಡ್‌ಫೋನ್ ಹಾಕಿಕೊಳ್ಳದವರಿಗೆ ಕೇಳುವ ಟಪಟಪ ಅದರಲ್ಲಿ ಜಾಸ್ತಿ, ಎಳೆಯ ಮಣಿಕಟ್ಟಿಗೆ ಪೆಟ್ಟೂ ಜಾಸ್ತಿ. ಜಾಳಿಗೆ ಮೆತ್ತಗೆ ಪುಟಿಯುತ್ತದೆ. ರೋಲ್ಯಾಂಡ್ 1997ರಲ್ಲಿ ಇದನ್ನು ತಂದಾಗ ಸಾಮಾನ್ಯರ ಕೈಗೆ ಎಟುಕದ ವಸ್ತುವಾಗಿತ್ತು. ಈಗ ಮೂವತ್ತು ಸಾವಿರದ ಕಿಟ್‌ನಲ್ಲೂ ಇದೆ. ಮಕ್ಕಳಿಗಾದರೆ ಜಾಳಿಗೆಯೇ ಸರಿ.

ಕೊನೆಗೆ ನಿರ್ಣಯ ಮಾಡಿದ್ದು ಕಿಕ್. ಬೀಟರ್ ಇರುವ ಪೆಡಲ್‌ನಲ್ಲಿ ಕಾಲು ಒತ್ತಿದಾಗ ಒಂದು ಗುಂಡು ಗೋಪುರಕ್ಕೆ ಬಡಿಯುತ್ತದೆ, ಗೋಪುರ ಆ ಪೆಟ್ಟನ್ನು ನೇರ ನೆಲಕ್ಕೆ ಇಳಿಸುತ್ತದೆ. ನಿಜವಾದ ಡ್ರಮ್ಸ್‌ನ ಅನುಭವಕ್ಕೆ ಇದೇ ಹತ್ತಿರ, ಮುಂದೆ ಒಳ್ಳೆಯ ಪೆಡಲ್ ಕೊಂಡು ಬದಲಿಸಲೂ ಬರುತ್ತದೆ. (ಜಾಳಿಗೆಯ ಕಿಕ್ ಆದರೆ ಉಣ್ಣೆಯ ಬೀಟರ್ ಬೇಡ, ಪ್ಲಾಸ್ಟಿಕ್ ಮುಖವನ್ನು ತಿರುಗಿಸಿಕೊಳ್ಳಬೇಕು, ಉಣ್ಣೆ ಜಾಳಿಗೆಯನ್ನು ಉಜ್ಜಿ ಸವೆಸುತ್ತದೆ.) ಬೀಟರ್ ಇಲ್ಲದ ಪೆಡಲ್‌ನಲ್ಲಿ ಸೆನ್ಸರ್ ಪೆಡಲಿನೊಳಗೇ ಇರುತ್ತದೆ. ಕಾಲಿಗೆ ಸ್ವಲ್ಪ ಬೇರೆ ಅನಿಸುತ್ತದೆ, ಜೋಡಿ ಪೆಡಲ್ ಹಾಕಲಾಗದು, ಆದರೆ ನೆಲಕ್ಕೆ ಬೀಳುವ ಪೆಟ್ಟು ಎಷ್ಟೋ ಕಡಿಮೆ. ಯಮಾಹಾ ಒಂದೇ ಮಾಡ್ಯೂಲನ್ನು ಎರಡೂ ಬಗೆಯಲ್ಲಿ ಮಾರುತ್ತದೆ: ಡಿಟಿಎಕ್ಸ್402ಕೆಯಲ್ಲಿ ಬೀಟರ್ ಇಲ್ಲ, ಡಿಟಿಎಕ್ಸ್432ಕೆಯಲ್ಲಿ ಇದೆ. ಹೆಸರಿನ ಒಂದು ಅಂಕೆಯಲ್ಲಿ ಇಷ್ಟು ವ್ಯತ್ಯಾಸ ಅಡಗಿರುತ್ತದೆ.

ಕೊಳ್ಳುವ ಮೊದಲು ಹುಡುಗಿಯ ತಾಯಿಗೆ ಫೋನಿನಲ್ಲಿ ಒಂದು ಕೆಲಸ ಹೇಳಲಾಯಿತು. ಮೆತ್ತಿನ ಮೇಲೆ ಸ್ಟೂಲ್ ಹಾಕಿ ಕೂತು, ಬರಿಗಾಲ ಹಿಮ್ಮಡಿಯಿಂದ ಸೆಕೆಂಡಿಗೆ ಎರಡರಂತೆ ಒಂದು ನಿಮಿಷ ನೆಲ ಕುಟ್ಟಬೇಕು. ಕೆಳಗೆ ಇನ್ನೊಬ್ಬರು ನಿಂತು ಕೇಳಬೇಕು. ಮನೆಯವರು ಹೇಳಿದ್ದು: ಗೋಡೆಯ ಗೂಡಲ್ಲಿಟ್ಟ ಲೋಟ ಅಲ್ಲಾಡಿತು. ಬೀಟರ್ ಇರುವ ಕಿಟ್ ಅಲ್ಲಿಗೇ ಹೊರಗಾಯಿತು. ಕಾಂಕ್ರೀಟ್ ಮನೆಯ ನೆಲಮಹಡಿಯಾಗಿದ್ದರೆ, ಅಥವಾ ಕೆಳಗೆ ಯಾರೂ ಮಲಗದಿದ್ದರೆ, 38,500ರದ್ದನ್ನೇ ಪರಿಗಣಿಸಬಹುದಿತ್ತು. ಆದರೂ ಉಳಿಯುತ್ತಿದ್ದದ್ದು 1,500. ಆ ದುಡ್ಡಿನಲ್ಲಿ ಕೂರಲು ಆಸನವೂ ಬರುವುದಿಲ್ಲ.

ತಾಯಿಯಿಂದ ಇನ್ನೂ ಎರಡು ಸಂಗತಿ ತಿಳಿದುಕೊಂಡರು: ಹುಡುಗಿಯ ಎತ್ತರ (4 ಅಡಿ 10 ಇಂಚು), ಬರೆಯುವ ಕೈ (ಬಲ). ಎಡಗೈಯವರಾದರೆ ಎಲೆಕ್ಟ್ರಾನಿಕ್ ಕಿಟ್ಟನ್ನು ಕನ್ನಡಿಯಂತೆ ತಿರುಗಿಸಿ ಜೋಡಿಸಬಹುದು, ಆದರೆ ಎಲ್ಲ ಕೇಬಲ್ ಒಂದೇ ಗೊಂಚಲಾಗಿ ಬರುವ ಕಿಟ್‌ಗಳಲ್ಲಿ ಕೆಲವಕ್ಕೆ ಉದ್ದ ಸಾಲುವುದಿಲ್ಲ.

ದುಡ್ಡಿನ ಲೆಕ್ಕ

ಕಿಟ್ 29,500. ಆಸನ 2,600. ಹೆಡ್‌ಫೋನ್ 2,300. ಎರಡು ಜೊತೆ ಕೋಲು 600. ಒಟ್ಟು 35,000. ಉಳಿದ 5,000ವನ್ನು ಮುಟ್ಟಬಾರದೆಂದು ತೆಗೆದಿಟ್ಟರು. ಆಂಪ್ಲಿಫೈಯರ್ ಕೊಳ್ಳುವ ಮಾತು ಬಂತು, ಬೇಡವೆಂದು ಬಿಟ್ಟರು. ಮೊದಲ ವರ್ಷ ಹೆಡ್‌ಫೋನ್ ಸಾಕು. ಮನೆಯ ಹೋಮ್ ಥಿಯೇಟರಿಗೆ ಚುಚ್ಚಬಹುದಲ್ಲ ಎಂದರೆ, ಕಿಕ್‌ನ ಹಠಾತ್ ಪೆಟ್ಟಿಗೆ ಸಣ್ಣ ಸ್ಪೀಕರಿನ ಕೋನ್ ಹರಿಯುವ ಅಪಾಯವಿದೆ. ಚುಚ್ಚಲೇಬೇಕಾದರೆ ಧ್ವನಿ ತಗ್ಗಿಸಿಯೇ ಇಡಬೇಕು.

ಆಸನದ ವಿಷಯದಲ್ಲಿ ಎಲ್ಲರೂ ಜಿಪುಣರು. ‘ಪ್ಲಾಸ್ಟಿಕ್ ಕುರ್ಚಿ ಇದ್ದಲ ಮನೇಲಿ’ ಎಂದು ಹುಡುಗಿಯ ತಾಯಿಯೂ ಹೇಳಿದಳು. ಕುರ್ಚಿಯ ಕೈಗಳು ಮೊಣಕೈಗೆ ತಾಗುತ್ತವೆ, ಎತ್ತರ ಬದಲಾಗುವುದಿಲ್ಲ, ಮುಂದಿನ ಅಂಚು ತೊಡೆಯ ನರ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು, ತೊಡೆ ಮುಂದಕ್ಕೆ ತುಸು ಇಳಿಜಾರಾಗಬೇಕು. ಬೆಳೆಯುವ ಮಕ್ಕಳಿಗೆ ತಿರುಗಿಸಿ ಏರಿಸುವ ಬಗೆಯದೇ ಬೇಕು. ಮೂರು ಕಾಲಿಗೂ ಎರಡು ಪಟ್ಟಿಯ ಆಧಾರವಿರುವುದನ್ನು ಆರಿಸಿದರು.

ಹೆಡ್‌ಫೋನ್ ಕಿವಿ ಮುಚ್ಚುವಂಥದ್ದು, ತಂತಿಯದು. ಬ್ಲೂಟೂತ್ ಹೆಡ್‌ಫೋನ್ ನಡೆಯದು: ಕೋಲು ಬಿದ್ದ ಮೇಲೆ ಸದ್ದು ತಡವಾಗಿ ಬಂದರೆ ತಾಳವೇ ಹಾಳು. ಮಾಡ್ಯೂಲ್ ಮೇಲೆ ‘ಬ್ಲೂಟೂತ್’ ಎಂದಿದ್ದರೆ ಅದು ಸಾಮಾನ್ಯವಾಗಿ ಮೊಬೈಲಿನ ಹಾಡನ್ನು ಒಳಗೆ ತರಲಿಕ್ಕೆ, ಹೊರಗೆ ಕಳಿಸಲಿಕ್ಕಲ್ಲ. 3.5 ಮಿ.ಮೀ. ಪಿನ್ನನ್ನು 6.35ಕ್ಕೆ ಮಾಡುವ ಸಣ್ಣ ಅಡಾಪ್ಟರ್ ಜೊತೆಗಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಉಡುಗೊರೆಯ ದಿನ ಎಲ್ಲ ಇದ್ದೂ ಸದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹಾಕಿದ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬಲ್. ಅಳೆಯುವ ಉಪಕರಣವಿಲ್ಲದ ಮನೆಯಲ್ಲಿ ಮಾಡಬಹುದಾದ್ದು: ಧ್ವನಿಯ ಗುಂಡಿಗೆ ಒಂದು ಬಿಳಿ ಗುರುತು ಹಾಕಿ, ಅದರ ಮೇಲೆ ಹೋಗಬಾರದೆಂದು ಹೇಳುವುದು.

ಕೋಲು 7ಎ ಅಳತೆಯದು, ನೈಲಾನ್ ತುದಿ. ಸಾಮಾನ್ಯವಾಗಿ ಎಲ್ಲರಿಗೂ ಕೊಡುವ 5ಎಗಿಂತ ಸಪೂರ. ಮರದ ತುದಿ ಸೀಳಿದರೆ ಜಾಳಿಗೆ ಹರಿಯುತ್ತದೆ, ಅದಕ್ಕೇ ನೈಲಾನ್.

ಡಬ್ಬ ಬಿಚ್ಚಿದ ದಿನ

ಕೊರಿಯರ್‌ನವರು ಹಳ್ಳಿಯವರೆಗೆ ಬಾರದ ಕಾರಣ ಮಾವ ಕಾರವಾರದ ವಿಳಾಸಕ್ಕೇ ತರಿಸಿಕೊಂಡು, ಅಲ್ಲೇ ಡಬ್ಬ ಬಿಚ್ಚಿ, ಪ್ರತಿ ಪ್ಯಾಡನ್ನೂ ಮಾಡ್ಯೂಲಿಗೆ ಚುಚ್ಚಿ ನೋಡಿದ. ಉಡುಗೊರೆಯೆಂದು ಡಬ್ಬವನ್ನು ಹಾಗೇ ಮುಚ್ಚಿಟ್ಟು, ಹದಿನೈದು ದಿನದ ಮೇಲೆ ಬಿಚ್ಚಿ, ಒಂದು ಪ್ಯಾಡ್ ಸತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. ಬಿಚ್ಚುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ, ಭಾಗಗಳನ್ನು ಕೈಪಿಡಿಯ ಚಿತ್ರದ ಜೊತೆ ಎಣಿಸಿ, ಮತ್ತೆ ಅದೇ ಥರ್ಮಾಕೋಲಿನಲ್ಲಿ ಕೂರಿಸಿದರು. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಹಿಂದಿನ ಸೀಟಿನಲ್ಲಿ ಡಬ್ಬ ಅಡ್ಡ ಬೀಳದಂತೆ ಬೆಲ್ಟ್ ಹಾಕಿದ್ದು ಸಣ್ಣ ಮಾತಲ್ಲ.

ಜೋಡಣೆಗೆ ಇಬ್ಬರು, ಎರಡು ತಾಸು. ಚೌಕಟ್ಟಿನ ತಿರುಪುಗಳನ್ನು ಮೊದಲು ಸಡಿಲ ಹಾಕಿ, ಎಲ್ಲ ನೆಟ್ಟಗೆ ನಿಂತ ಮೇಲೆ ಬಿಗಿ ಮಾಡಬೇಕು; ಪ್ಲಾಸ್ಟಿಕ್ ಹಿಡಿಕೆಗಳನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿರುಕು ಬಿಡುತ್ತವೆ. ಕೇಬಲ್ ಚೀಟಿಗಳಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಹೈಹ್ಯಾಟ್ ಪ್ಯಾಡಿನದು, ಹೈಹ್ಯಾಟ್ ಪೆಡಲಿನದು. ಅದಲುಬದಲಾದರೆ ಹೈಹ್ಯಾಟ್ ಬಾರಿಸಿದರೂ ಮೌನ. ಇಲ್ಲಿಯೂ ಹಾಗೇ ಆಯಿತು, ಹತ್ತು ನಿಮಿಷ ಹೋಯಿತು.

ಜಾಳಿಗೆ ಕಾರ್ಖಾನೆಯಿಂದ ಸಡಿಲವಾಗಿ ಬರುತ್ತದೆ. ಹಾಗೇ ಬಾರಿಸಿದರೆ ಒಂದು ಪೆಟ್ಟಿಗೆ ಎರಡು ಸದ್ದು, ನಡುವೆ ತಾಗಿದರೆ ಸಿಡಿಲು. ಕೀಲಿಯಿಂದ ಒಂದು ತಿರುಪು, ಆಮೇಲೆ ಅದರ ಎದುರಿನದು, ಹೀಗೆ ನಕ್ಷತ್ರ ಬರೆದಂತೆ ಕಾಲು ಸುತ್ತು-ಕಾಲು ಸುತ್ತು ಬಿಗಿಯುತ್ತ ಬರಬೇಕು. ಹೆಬ್ಬೆರಳಿಂದ ಒತ್ತಿದರೆ ತುಸು ಮಾತ್ರ ತಗ್ಗಬೇಕು.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ಕಂಪನಿಯದು 9 ವೋಲ್ಟ್, ಕೆಲವದು 12. ಪಿನ್ನಿನ ನಡುವೆ ಧನವೋ ಋಣವೋ ಎಂಬುದೂ ಕಂಪನಿಯಿಂದ ಕಂಪನಿಗೆ ಬೇರೆ. ಮನೆಯಲ್ಲಿ ಬಿದ್ದಿರುವ ವೈಫೈ ಡಬ್ಬಿಯ ಅಡಾಪ್ಟರ್ ತೂತಿಗೆ ಸರಿಯಾಗಿ ಕೂರುತ್ತದೆ ಎಂದು ಚುಚ್ಚಿದರೆ ಮಾಡ್ಯೂಲ್ ಸುಡಬಹುದು.

ಮೊದಲ ರಾತ್ರಿ

ಊಟವಾದ ಮೇಲೆ ಕೂಸು ಹೆಡ್‌ಫೋನ್ ಹಾಕಿಕೊಂಡು ಬಾರಿಸಲು ಕೂತಳು. ಹತ್ತು ನಿಮಿಷಕ್ಕೆ ಕೆಳಗಿನಿಂದ ಅಜ್ಜನ ದನಿ: ‘ತಲೆ ಮೇಲೆ ಅಡಕೆ ಕೊನೆ ಬಿದ್ದಾಂಗೆ ಆಗ್ತು!’

ಬೀಟರ್ ಇಲ್ಲದ ಕಿಟ್ ತಂದದ್ದೇ ಇದಾಗಬಾರದೆಂದು. ಮರುದಿನ ಬೆಳಿಗ್ಗೆ ಒಂದೊಂದೇ ಭಾಗ ಬಾರಿಸಿ ಪರೀಕ್ಷೆ ಮಾಡಿದರು. ಕೆಳಗೆ ಅಜ್ಜನ ಮಂಚದ ಮೇಲೆ ಮಾವ ಮಲಗಿ ಕೇಳಿದ. ಸ್ನೇರ್ ಮಾತ್ರ: ಮಳೆಹನಿಯಷ್ಟು. ಟಾಮ್, ಸಿಂಬಲ್: ಇಲ್ಲವೆನ್ನುವಷ್ಟು. ಕಿಕ್: ಮೆಲ್ಲಗೆ ಕೇಳುತ್ತದೆ. ಹೈಹ್ಯಾಟ್ ಪೆಡಲ್: ಢಬ್, ಢಬ್.

ಕಳ್ಳ ಸಿಕ್ಕಿದ್ದು ಎಡಗಾಲಿನಲ್ಲಿ. ಕಲಿಯುವವರು ತಾಳ ಹಿಡಿಯಲು ಹೈಹ್ಯಾಟ್ ಪೆಡಲನ್ನು ಇಡೀ ಕಾಲೆತ್ತಿ ಕುಟ್ಟುತ್ತಾರೆ, ಹಿಮ್ಮಡಿ ಪ್ರತಿ ಸಲವೂ ನೆಲಕ್ಕೆ ಬೀಳುತ್ತದೆ. ಅದರ ಜೊತೆಗೆ ಕಿಟ್ಟನ್ನು ಕೋಣೆಯ ನಟ್ಟನಡುವೆ, ಅಂದರೆ ತೊಲೆ ಹೆಚ್ಚು ಬಾಗುವ ಜಾಗದಲ್ಲಿ ಇಟ್ಟಿದ್ದರು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಪ್ಯಾಡಿನ ಟಪಟಪ ಗಾಳಿಯಲ್ಲಿ ಹೋಗುವ ಸದ್ದು. ಬಾಗಿಲು ಹಾಕಿದರೆ, ಪರದೆ ಇಳಿಬಿಟ್ಟರೆ ಕಡಿಮೆಯಾಗುತ್ತದೆ. ಕಾಲಿನ ಪೆಟ್ಟು ಮರದೊಳಗೆ ಹೋಗುವ ಅಲುಗಾಟ. ಅದು ಹಲಗೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ ಇಳಿದು ಕೆಳಗೆ ಸದ್ದಾಗಿ ಹೊರಬರುತ್ತದೆ. ಇದಕ್ಕೆ ಪರದೆಯಿಂದ, ಗೋಡೆಗೆ ಅಂಟಿಸುವ ಫೋಮಿನಿಂದ, ಮೊಟ್ಟೆಯ ಟ್ರೇಯಿಂದ ಏನೂ ಆಗದು.

ಮೊದಲು ಕಿಟ್ಟನ್ನು ಗೋಡೆಯ ಕಡೆಗೆ, ತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗಕ್ಕೆ ಸರಿಸಿದರು. ಸ್ವಲ್ಪ ಕಡಿಮೆಯಾಯಿತು. ಆಮೇಲೆ ಮನೆಯಲ್ಲಿ ರಾಶಿಯಿದ್ದ ಗೋಣಿಚೀಲಗಳನ್ನು ನಾಲ್ಕು ಮಡಿಕೆ ಮಾಡಿ ಹಾಸಿ ನೋಡಿದರು. ಮೊದಲ ದಿನ ಪರವಾಗಿಲ್ಲ ಅನಿಸಿತು. ಮೂರನೆಯ ದಿನಕ್ಕೆ ಚೌಕಟ್ಟಿನ ಕಾಲು, ಪೆಡಲಿನ ಹಿಮ್ಮಡಿ ಬೀಳುವ ಜಾಗದಲ್ಲಿ ಗೋಣಿ ಅಮುಕಿ ಹಪ್ಪಳವಾಗಿತ್ತು. ಪುಟಿಯದ ವಸ್ತು ಪೆಟ್ಟನ್ನು ತಡೆಯುವುದಿಲ್ಲ. ಮೇಲಾಗಿ ಪೆಡಲ್ ಮುಂದೆ ಮುಂದೆ ಜಾರತೊಡಗಿತು.

ಟೆನಿಸ್ ಚೆಂಡಿನ ವೇದಿಕೆ

ತೆಗೆದಿಟ್ಟ ಐದು ಸಾವಿರ ಈಗ ಹೊರಬಂತು. ಮಾಡಿಸಿದ್ದು ಬಹಳ ಕಡೆ ಡ್ರಮ್ಸ್‌ನವರು ಮಾಡಿಕೊಳ್ಳುವ ತೇಲುವ ವೇದಿಕೆ.

8 ಅಡಿ × 4 ಅಡಿಯ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಾಳೆ, ನಡುವೆ ಕೊಯ್ದು ಎರಡು 4 × 4 ತುಂಡು. ಕೆಳಗಿನ ತುಂಡಿನಲ್ಲಿ 5 ಸಾಲು, ಸಾಲಿಗೆ 5ರಂತೆ 25 ತೂತು. ಅಂಚಿನಿಂದ 11 ಸೆಂ.ಮೀ. ಬಿಟ್ಟು, ತೂತಿನಿಂದ ತೂತಿಗೆ 25 ಸೆಂ.ಮೀ. ತೂತಿನ ಅಗಲ 50 ಮಿ.ಮೀ. ಟೆನಿಸ್ ಚೆಂಡು ಸುಮಾರು 66 ಮಿ.ಮೀ. ಇರುವುದರಿಂದ ಅದು ತೂತಿನಲ್ಲಿ ಸುಮಾರು 11.5 ಮಿ.ಮೀ. ಇಳಿದು ಸಿಕ್ಕಿಕೊಳ್ಳುತ್ತದೆ, 18 ಮಿ.ಮೀ. ದಪ್ಪದ ಹಲಗೆಯನ್ನು ದಾಟಿ ನೆಲಕ್ಕೆ ತಾಗುವುದಿಲ್ಲ. ತೂತು 60 ಮಿ.ಮೀ. ಆದರೆ ಚೆಂಡು ಸುಮಾರು 19 ಮಿ.ಮೀ. ಇಳಿದು, ಭಾರ ಬೀಳುವ ಮೊದಲೇ ನೆಲಕ್ಕೆ ತಾಗುತ್ತದೆ; 30 ಆದರೆ ಉರುಳಿ ಹೋಗುತ್ತದೆ. ಮೇಲಿನ ತುಂಡು ತೂತಿಲ್ಲದ್ದು, ಚೆಂಡುಗಳ ನೆತ್ತಿಗೆ ರಬ್ಬರ್ ಅಂಟು ಹಚ್ಚಿ ಅದರ ಮೇಲೆ ಕೂರಿಸಿದ್ದು. ಒಟ್ಟು ಎತ್ತರ ಸುಮಾರು 9 ಸೆಂ.ಮೀ.

ಚೆಂಡಿನ ಆಯ್ಕೆಯಲ್ಲಿ ಹುಷಾರು. ನಮ್ಮ ಊರಿನ ಕ್ರಿಕೆಟ್ ಪಂದ್ಯಾವಳಿಗಳಲ್ಲಿ ಆಡುವ ಭಾರದ ಟೆನಿಸ್ ಚೆಂಡು ಕಲ್ಲಿನಂತೆ ಗಟ್ಟಿ, ಇದಕ್ಕೆ ಬಾರದು. ಹಗುರದ್ದು, ಎಲ್ಲ ಒಂದೇ ಕಂಪನಿಯದು, ಎಲ್ಲ ಹೊಸದು ಬೇಕು. ಹಳೆಯದು-ಹೊಸದು ಬೆರೆತರೆ ವೇದಿಕೆ ಓರೆಯಾಗುತ್ತದೆ. ಭಾರದ ಲೆಕ್ಕ: ಮೇಲಿನ ಹಲಗೆ 16 ಕೆ.ಜಿ., ಕಿಟ್ 17, ಹುಡುಗಿ 40, ಆಸನ 4, ಒಟ್ಟು 77. ಒಂದು ಚೆಂಡಿಗೆ ಮೂರು ಕೆ.ಜಿ. ಚಿಲ್ಲರೆ. ಚೆಂಡು 4 ಮಿ.ಮೀ.ಯಷ್ಟು ಕುಗ್ಗಿದರೆ ವೇದಿಕೆಯ ಸ್ವಂತ ತೂಗಾಟ ಸೆಕೆಂಡಿಗೆ ಸುಮಾರು 8 ಸಲ. ಕಾಲಿನ ಪೆಟ್ಟಿನಲ್ಲಿ ಕಿವಿಗೆ ಕೇಳುವ ಭಾಗ ಅದಕ್ಕಿಂತ ಎಷ್ಟೋ ಮೇಲಿನದು, ಹಾಗಾಗಿ ಅದು ಚೆಂಡಿನಲ್ಲೇ ಅಡಗುತ್ತದೆ. ಚೆಂಡು ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು 50 ಹಾಕಿದರೆ ಒಂದೊಂದೂ ಕುಗ್ಗುವುದು ಕಡಿಮೆಯಾಗಿ ವೇದಿಕೆ ಗಟ್ಟಿಯಾಗುತ್ತದೆ, ಲಾಭ ಇಳಿಯುತ್ತದೆ.

ಆಚಾರಿಗೆ ಇದು ವಿಚಿತ್ರ ಕೆಲಸ. ಅಲುಗಾಡುವ ವಸ್ತುವನ್ನು ಮಾಡಿಕೊಡುವುದು ಅವನ ಮರ್ಯಾದೆಗೆ ಕುಂದು. ಮಾವ ಇಲ್ಲದ ಹೊತ್ತಿನಲ್ಲಿ ನಾಲ್ಕು ಮೂಲೆಗೂ ಉದ್ದ ತಿರುಪು ಹಾಕಿ ಮೇಲಿನದನ್ನೂ ಕೆಳಗಿನದನ್ನೂ ಸೇರಿಸಿಬಿಟ್ಟ. ಕಿಟ್ ಇಟ್ಟು ಬಾರಿಸಿದರೆ ಕೆಳಗೆ ಮೊದಲಿನಷ್ಟೇ ಸದ್ದು. ಎರಡು ಹಲಗೆಗೂ ಒಂದೇ ಒಂದು ಗಟ್ಟಿ ಸಂಬಂಧ ಇದ್ದರೂ ಅಲುಗಾಟ ಆ ದಾರಿಯಲ್ಲೇ ಇಳಿಯುತ್ತದೆ. ತಿರುಪು ಬಿಚ್ಚಿದರು. ವೇದಿಕೆಯ ಒಂದು ಅಂಚು ಗೋಡೆಗೆ ತಾಗುತ್ತಿತ್ತು, ಅದನ್ನೂ ಎರಡು ಬೆರಳು ಬಿಡಿಸಿದರು. ಆಮೇಲೆ ಮಾವ ಮಂಚದ ಮೇಲೆ ಮಲಗಿ ಮತ್ತೆ ಕೇಳಿದ: ಹೈಹ್ಯಾಟ್ ಕಾಲು ಕಿವಿಗೊಟ್ಟರೆ ಮಾತ್ರ, ಕಿಕ್ ಇಲ್ಲವೇ ಇಲ್ಲ. ಅಜ್ಜ ಆ ರಾತ್ರಿ ಕೇಳಿದ್ದು, ಕೂಸು ಇವತ್ತು ಬೇಗ ಮಲಗಿತಾ ಎಂದು.

4 × 4 ಅಡಿಯಲ್ಲಿ ಕಿಟ್ಟೂ ಆಸನವೂ ಇಕ್ಕಟ್ಟಾಗಿಯೇ ಹಿಡಿಯುತ್ತವೆ. ಆಸನದ ಹಿಂದಿನ ಕಾಲು ಅಂಚಿನಿಂದ ಜಾರಿದರೆ ಹುಡುಗಿ ಹಿಂದಕ್ಕೆ ಬೀಳುತ್ತಾಳೆ. ಅದಕ್ಕೆ ಮೇಲಿನ ಹಲಗೆಯ ಹಿಂದಿನ ಮತ್ತು ಬದಿಯ ಅಂಚಿಗೆ ಒಂದೂವರೆ ಇಂಚು ಎತ್ತರದ ರೀಪು ಹೊಡೆಸಿದರು. ಮೇಲೆ ಹಳೆಯ ಜಮಖಾನ. ಪೆಡಲ್ ಜಾರುವುದೂ ನಿಂತಿತು.

ಖರ್ಚು: ಪ್ಲೈವುಡ್ 2,700, ಚೆಂಡು 875, ಆಚಾರಿ 500. ಸಿಡಿಲಿನ ಕಾಲಕ್ಕೆಂದು ಸರ್ಜ್ ತಡೆಯುವ ಸ್ಪೈಕ್ ಗಾರ್ಡ್ 600. ಉಳಿದದ್ದು 325.

ಮಾಡ್ಯೂಲಿನೊಳಗೆ

ಮೂರನೆಯ ಟಾಮ್ ಹೊಡೆದರೆ ರೈಡ್ ಸಿಂಬಲ್ ತಾನೂ ಕೂಗುತ್ತಿತ್ತು. ಪ್ಯಾಡಿನೊಳಗಿನ ಪೀಜೊ ಬಿಲ್ಲೆ ಅಲುಗಾಟವನ್ನು ಮಾತ್ರ ಅರಿಯುತ್ತದೆ. ಆ ಅಲುಗಾಟ ಕೋಲಿನದೋ ಚೌಕಟ್ಟಿನದೋ ಎಂಬುದು ಅದಕ್ಕೆ ಗೊತ್ತಿಲ್ಲ. ಇದಕ್ಕೆ ನೇರ ಮೆನುಗೆ ಹೋಗಿ, ಪಕ್ಕದ ಪೆಟ್ಟಿಗೆ ಕೂಗದಂತೆ ತಡೆಯುವ ‘ಕ್ರಾಸ್‌ಟಾಕ್’ ಏರಿಸುವುದು ತಪ್ಪು ಕ್ರಮ. ಮೊದಲು ಆ ಎರಡರ ಹಿಡಿಕೆಗಳನ್ನು ಬಿಗಿ ಮಾಡಿ, ಕೇಬಲ್ ಚೌಕಟ್ಟಿಗೆ ಬಡಿಯದಂತೆ ಪಟ್ಟಿ ಹಾಕಬೇಕು. ಆಮೇಲೂ ಉಳಿದರೆ ಮಾತ್ರ, ಕೂಗುವ ಪ್ಯಾಡಿನ ಕ್ರಾಸ್‌ಟಾಕ್ ಒಂದೊಂದೇ ಅಂಕ. ಹೆಚ್ಚಾದರೆ ಎರಡನ್ನೂ ಒಟ್ಟಿಗೆ ಹೊಡೆದಾಗ ಒಂದು ಸಾಯುತ್ತದೆ. ಇಲ್ಲಿ ಹಿಡಿಕೆ ಬಿಗಿ ಮಾಡಿದ್ದೇ ಸಾಕಾಯಿತು.

ಹುಡುಗಿಯ ಕೈ ಜೋರು. ಡಬ್ಬಿ ಬಾರಿಸಿದ ಅಭ್ಯಾಸ ಒಂದು, ಯಕ್ಷಗಾನದ ಚಂಡೆ ನೋಡಿ ಬೆಳೆದ ಕಣ್ಣು ಇನ್ನೊಂದು. ಚಂಡೆಯ ಕೋಲು ಹಿಡಿಯುವ ರೀತಿಯೂ ಬೀಸುವ ರೀತಿಯೂ ಬೇರೆ. ಅದನ್ನು ಜಾಳಿಗೆಯ ಮೇಲೆ ತಂದರೆ ಎಲ್ಲ ಪೆಟ್ಟೂ ಗರಿಷ್ಠಕ್ಕೇ ಮುಟ್ಟುತ್ತದೆ. ಮಾಡ್ಯೂಲ್ ಪೆಟ್ಟಿನ ಬಲವನ್ನು 1ರಿಂದ 127ರವರೆಗೆ ಅಳೆಯುತ್ತದೆ. ಎಲ್ಲವೂ 127 ಆದರೆ ಮೃದು-ಜೋರು ಎಂಬ ಭೇದವೇ ಇಲ್ಲ. ಸ್ನೇರ್‌ನ ಸಂವೇದನೆಯನ್ನು ಎರಡು ಅಂಕ ಇಳಿಸಿದರು. ಮೆಲ್ಲಗೆ ಹೊಡೆದ ಪೆಟ್ಟು ತಪ್ಪಿಹೋಗದಷ್ಟು ಮಾತ್ರ ಇಳಿಸಬೇಕು. ಅದಕ್ಕಿಂತ ಕೆಳಗೆ ಹೋದರೆ ಮಕ್ಕಳು ಇನ್ನೂ ಜೋರಾಗಿ ಹೊಡೆಯಲು ಕಲಿಯುತ್ತಾರೆ.

ಮಳೆಗಾಲ

ಮೇ ಕೊನೆಯ ಗುಡುಗು-ಮಿಂಚಿಗೆ ಸ್ಪೈಕ್ ಗಾರ್ಡ್ ಒಂದನ್ನೇ ನಂಬುವಂತಿಲ್ಲ. ಬಾರಿಸಿ ಮುಗಿದೊಡನೆ ಪ್ಲಗ್ ಕಿತ್ತಿಡುವುದು ನಿಯಮ. ಕರೆಂಟ್ ಹೋದಾಗ ಮನೆಯ ಇನ್ವರ್ಟರಿನಲ್ಲಿ ಹಾಕಿದರೆ ಹೆಡ್‌ಫೋನಿನಲ್ಲಿ ಗುಂಯ್ ಎನ್ನುವ ಸದ್ದು ಬಂತು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳ ಕತೆ ಅದು. ಮಾವ ‘ಕರೆಂಟ್ ಬಂದ ಮೇಲೆ ಬಾರ್ಸು ತಂಗಿ’ ಎಂದು ಫೋನಿನಲ್ಲೇ ಬಗೆಹರಿಸಿದ.

ಮೆತ್ತಿನ ಮೇಲೆ ಜೂನ್-ಜುಲೈನಲ್ಲಿ ಬಟ್ಟೆಯೂ ಒಣಗದು. ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಒಳಗೆ ಬೆವರಿ ಬೂಸು ಹಿಡಿಯುತ್ತದೆ, ಆದ್ದರಿಂದ ಹಳೆಯ ಹತ್ತಿ ಪಂಚೆ. ಮಾಡ್ಯೂಲನ್ನು ಮಾತ್ರ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕೆಂದು ಮೊದಲು ಹೇಳಿದ್ದರು. ದಿನವೂ ಬಿಚ್ಚಿ ಚುಚ್ಚುವುದರಿಂದ ಜ್ಯಾಕ್ ಸವೆಯುವುದೇ ಹೆಚ್ಚೆಂದು ತಿಳಿದು ಬಿಟ್ಟರು. ದಿನವೂ ಅರ್ಧ ತಾಸು ಚಾಲೂ ಇರುವ ಮಾಡ್ಯೂಲ್ ತನ್ನ ಬಿಸಿಗೇ ಒಣಗಿರುತ್ತದೆ. ಊರಿಗೆ ಹೋಗಿ ವಾರಗಟ್ಟಲೆ ಬಿಡುವುದಾದರೆ ಮಾತ್ರ ಡಬ್ಬಿ ಬೇಕು. ರಬ್ಬರ್ ಸಿಂಬಲ್ ಮೇಲೆ ಬಿಳಿ ಬೂಸು ಕಂಡಾಗ ಒದ್ದೆ ಬಟ್ಟೆ ಹಿಂಡಿ ಒರೆಸಿದರು. ಸ್ಪಿರಿಟ್, ಸೀಮೆಎಣ್ಣೆ ರಬ್ಬರಿಗೆ ಆಗದು.

ಅಕ್ಟೋಬರ್‌ನಲ್ಲಿ ಮಾವ ಬಂದು ಮೇಲಿನ ಹಲಗೆ ಎತ್ತಿ ನೋಡಿದ. ಆಸನದ ಕೆಳಗಿನ ನಾಲ್ಕು ಚೆಂಡು, ಹೈಹ್ಯಾಟ್ ಪೆಡಲಿನ ಕೆಳಗಿನ ಎರಡು ಸೊಪ್ಪಗಾಗಿ ಕೂತಿದ್ದವು. ವೇದಿಕೆ ಹಿಂದಕ್ಕೆ ಅರ್ಧ ಇಂಚು ವಾಲಿತ್ತು. ಪ್ಲೈವುಡ್‌ನ ಒಂದು ಅಂಚಿನಲ್ಲಿ ಪದರ ಬಿಡಲು ಶುರುವಾಗಿತ್ತು, ಸಾಮಾನ್ಯ ದರ್ಜೆಯದಾದ್ದರಿಂದ. ಅಂಚಿಗೆಲ್ಲ ವಾರ್ನಿಷ್ ಬಳಿದರು. ಉಳಿದಿದ್ದ 325 ರೂಪಾಯಿಯಲ್ಲೇ ಪೇಟೆಯಿಂದ ಅದೇ ಕಂಪನಿಯ ಆರು ಚೆಂಡು ತಂದು ಬದಲಿಸಿದರು. ಬಳಲಿದ ಆರನ್ನು ಪಕ್ಕದ ಮನೆಯ ಮಾಣಿಗಳು ಕ್ರಿಕೆಟ್ಟಿಗೆ ಒಯ್ದರು.